ವಕೀಲರನ್ನು ಕೇಳಿ: ಲಾರಿಗೆ ಜಿಪಿಎಸ್ ಸರಿ, ನನ್ನ ಮೊಬೈಲಿಗೂ ಏಕೆ?

ಪ್ರಶ್ನೆ: ಲಾರಿ ಚಾಲಕ, ದಾವಣಗೆರೆ

ವಕೀಲರಿಗೆ ನಮಸ್ಕಾರ. ಹನ್ನೊಂದು ವರ್ಷಗಳಿಂದ ಲಾರಿ ಓಡಿಸುತ್ತಿದ್ದೇನೆ. ಈಗಿರುವ ಟ್ರಾನ್ಸ್‌ಪೋರ್ಟಿನಲ್ಲಿ ಹತ್ತು ಗಾಡಿಗಳಿವೆ. ಚಾಲಕರು, ಕ್ಲೀನರ್‌ಗಳು, ಕಚೇರಿಯವರು ಸೇರಿ ಹತ್ತೊಂಬತ್ತು ಜನ. ಇಲ್ಲಿಯ ಎಪಿಎಂಸಿಯಿಂದ ಮೆಕ್ಕೆಜೋಳ ತುಂಬಿಕೊಂಡು ನಾಮಕ್ಕಲ್ ಕಡೆಯ ಕೋಳಿ ಆಹಾರದ ಕಾರ್ಖಾನೆಗಳಿಗೆ ಹೋಗುತ್ತೇವೆ. ಗಾಡಿಗೆ ಜಿಪಿಎಸ್ ಹಾಕಿ ಮೂರು ವರ್ಷವಾಯಿತು, ಅದಕ್ಕೆ ನನ್ನ ತಕರಾರಿಲ್ಲ. ಎರಡು ತಿಂಗಳ ಹಿಂದೆ ನಮ್ಮ ಸ್ವಂತ ಮೊಬೈಲ್‌ಗಳಿಗೂ ಒಂದು ಆ್ಯಪ್ ಹಾಕಿಸಿದರು. ರಜೆಯ ದಿನವೂ ಲೊಕೇಶನ್ ಆರಿಸಬಾರದು ಎಂದು ಆಜ್ಞೆ.

ಕಳೆದ ತಿಂಗಳು ಖಾಲಿ ಗಾಡಿಯಲ್ಲಿ ವಾಪಸ್ ಬರುತ್ತಿದ್ದಾಗ ಚಿತ್ರದುರ್ಗದ ಹತ್ತಿರ ಹೆದ್ದಾರಿ ಪಕ್ಕದ ಡಾಬಾದಲ್ಲಿ ಲಾರಿ ನಿಲ್ಲಿಸಿ, ಕ್ಲೀನರನ್ನು ಕಾವಲಿಗೆ ಬಿಟ್ಟು, ಆಟೋ ಹಿಡಿದು ಆಸ್ಪತ್ರೆಗೆ ಹೋದೆ. ನನ್ನ ತಾಯಿಯನ್ನು ಅಲ್ಲಿ ಸೇರಿಸಿದ್ದರು. ನಲವತ್ತು ನಿಮಿಷದಲ್ಲಿ ಹಿಂತಿರುಗಿದೆ. ಅಷ್ಟರಲ್ಲಿ ಮಾಲೀಕರು ನಕ್ಷೆಯ ಚಿತ್ರವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ‘ಗಾಡಿ ಡಾಬಾದಲ್ಲಿ, ಇವನು ಆಸ್ಪತ್ರೆಯಲ್ಲಿ, ಯಾರನ್ನು ನೋಡಲು ಹೋಗಿದ್ದಾನೆ ಕೇಳಿ’ ಎಂದು ಬರೆದಿದ್ದರು. ಆ ಗುಂಪಿನಲ್ಲಿ ನಮ್ಮವರಲ್ಲದೆ ಲೋಡು ಕೊಡುವ ದಲಾಲರೂ ಇದ್ದಾರೆ. ತಾಯಿಗೆ ಯಾವ ಕಾಯಿಲೆ ಎಂದು ಮರುದಿನ ಮಂಡಿಯಲ್ಲಿ ಹಮಾಲರು ನನ್ನನ್ನು ಕೇಳುತ್ತಿದ್ದರು. ಸಂಬಳದಲ್ಲಿ ಸಾವಿರ ರೂಪಾಯಿ ಮುರಿದುಕೊಂಡರು. ತಿಂಗಳ ಸಂಬಳ ಹದಿನೆಂಟು ಸಾವಿರ, ಬಾಟಾ ಬೇರೆ. ಆ್ಯಪ್ ತೆಗೆದುಹಾಕಬಹುದೇ? ಕೆಲಸಕ್ಕೆ ಸೇರುವಾಗ ಇಂಗ್ಲಿಷಿನ ಯಾವುದೋ ಕಾಗದಕ್ಕೆ ಸಹಿ ಹಾಕಿದ್ದೇನೆ, ಅದರಲ್ಲಿ ಏನಿದೆಯೋ ಗೊತ್ತಿಲ್ಲ.

ಉತ್ತರ: ಕಾರ್ಮಿಕ ಪ್ರಕರಣಗಳ ವಕೀಲ, ದಾವಣಗೆರೆ

ಮೊದಲು ತಾಯಿಯವರು ಹೇಗಿದ್ದಾರೆ ಎಂದು ತಿಳಿಸಿ. ಅವರು ಮನೆಗೆ ಬಂದಿರಲಿ ಎಂದು ಹಾರೈಸುತ್ತೇನೆ.

ನೀವು ಬರೆದಿರುವುದರಲ್ಲಿ ಗಾಡಿಯ ಮಾತು ಬೇರೆ, ನಿಮ್ಮ ಮಾತು ಬೇರೆ. ಇವೆರಡನ್ನೂ ಒಂದೇ ನಕ್ಷೆಯಲ್ಲಿ ಒಂದೇ ಚುಕ್ಕೆ ಎಂದು ನೋಡುತ್ತಿರುವುದೇ ನಿಮ್ಮ ಮಾಲೀಕರ ತಪ್ಪು.

ಲಾರಿ ಅವರದು. ಅದರ ಮೇಲೆ ಸಾಲವಿದೆ, ವಿಮೆಯಿದೆ, ಮೇಲೆ ಯಾರದೋ ಲಕ್ಷಾಂತರ ರೂಪಾಯಿಯ ಮೆಕ್ಕೆಜೋಳವಿದೆ. ಅದು ಎಲ್ಲಿದೆ ಎಂದು ನೋಡುವ ಹಕ್ಕು ಅವರಿಗಿದೆ. ಪ್ರಯಾಣಿಕರನ್ನು ಸಾಗಿಸುವ ಬಸ್ಸು, ಟ್ಯಾಕ್ಸಿಗಳಿಗಂತೂ ಕೇಂದ್ರ ಮೋಟಾರು ವಾಹನ ನಿಯಮಗಳ 125ಎಚ್ ನಿಯಮವೇ ಸ್ಥಳ ತಿಳಿಸುವ ಸಾಧನ ಮತ್ತು ತುರ್ತು ಗುಂಡಿಯನ್ನು ಕಡ್ಡಾಯ ಮಾಡಿದೆ. ಆದ್ದರಿಂದ ಗಾಡಿಯ ಸಾಧನದ ತಂತಿಗೆ ಯಾರೂ ಕೈಹಾಕಬೇಡಿ. ಸಿಟ್ಟಿನಲ್ಲಿ ತಂತಿ ಕಿತ್ತ ಇಬ್ಬರು ಚಾಲಕರ ಪರವಾಗಿ ನಾನು ವಿಚಾರಣೆಗೆ ಕುಳಿತಿದ್ದೇನೆ. ಅವರ ನ್ಯಾಯವಾದ ದೂರನ್ನು ಯಾರೂ ಕೇಳಲಿಲ್ಲ, ತಂತಿಯ ವಿಷಯವೇ ದೊಡ್ಡದಾಯಿತು.

ಮೊಬೈಲ್ ನಿಮ್ಮದು. ನೀವು ದುಡ್ಡು ಕೊಟ್ಟು ಕೊಂಡದ್ದು, ಮನೆಗೆ ಹೋದರೂ ನಿಮ್ಮ ಜೇಬಿನಲ್ಲಿರುವುದು. ಖಾಸಗಿತನ ಸಂವಿಧಾನದ 21ನೇ ವಿಧಿಯೊಳಗಿನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಾಗೆಂದು ಆ ತೀರ್ಪನ್ನು ಹಿಡಿದು ನಾಳೆಯೇ ಕೋರ್ಟಿಗೆ ಹೋಗಿ ಎಂದು ನಾನು ಹೇಳುವುದಿಲ್ಲ. ಅದು ಉದ್ದದ ದಾರಿ, ನಿಮಗೆ ಬೇಕಾಗಿರುವುದು ಈ ತಿಂಗಳ ಪರಿಹಾರ.

ಅದರ ನಂತರ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮಾಲೀಕರ ಮೇಲೆ ಹೊಣೆ ಹೊರಿಸುವ ಮುಖ್ಯ ಭಾಗಗಳು ಹದಿನೆಂಟು ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಿನಲ್ಲಿ ಜಾರಿಗೆ ಬರುವಂತೆ ಇಡಲಾಗಿದೆ. ಈ ಕಾಯ್ದೆಯ 7ನೇ ಸೆಕ್ಷನ್ನಿನಲ್ಲಿ ಮಾಲೀಕರಿಗೆ ಒಂದು ಬಾಗಿಲು ತೆರೆದಿದೆ: ಉದ್ಯೋಗದ ಉದ್ದೇಶಕ್ಕೆ, ತಮ್ಮನ್ನು ನಷ್ಟದಿಂದ ಕಾಪಾಡಿಕೊಳ್ಳಲು, ಕೆಲಸಗಾರರ ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಬಹುದು. ಡ್ಯೂಟಿಯ ಹೊತ್ತಿನ ಲಾರಿಯ ಜಾಡು ಈ ಬಾಗಿಲಿನಲ್ಲಿ ಒಳಗೆ ಬರುತ್ತದೆ. ಆದರೆ ಭಾನುವಾರ ನೀವು ಹರಿಹರದ ದೇವಸ್ಥಾನದಲ್ಲಿದ್ದಿರೋ ಹೆಂಡತಿಯ ತವರಿನಲ್ಲಿದ್ದಿರೋ ಎಂಬುದಕ್ಕೂ ಅವರ ಉದ್ಯಮದ ನಷ್ಟಕ್ಕೂ ಏನು ಸಂಬಂಧ? ಅದಕ್ಕೆ ಒಪ್ಪಿಗೆ ಬೇಕೇ ಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಒಪ್ಪಿಗೆ ಸ್ವಇಚ್ಛೆಯದಾಗಿರಬೇಕು, ನಿರ್ದಿಷ್ಟ ಕಾರಣಕ್ಕಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯುವಂತಿರಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶವನ್ನೂ ಕೊಡಬೇಕು. ಕನ್ನಡ ಅದರಲ್ಲಿದೆ. ಹಾಗಾಗಿ ನೀವು ಸಹಿ ಹಾಕಿದ ಆ ಇಂಗ್ಲಿಷ್ ಕಾಗದದ ಒಂದು ಪ್ರತಿಯನ್ನೂ ಕನ್ನಡದಲ್ಲಿ ವಿವರಣೆಯನ್ನೂ ಇಂದೇ ಕೇಳಿ. ಕಾಯ್ದೆ ಪೂರ್ತಿ ಜಾರಿಯಾಗುವವರೆಗೆ ಕಾಯಬೇಕಿಲ್ಲ, ಕೇಳಿದ್ದು ದಾಖಲೆಯಾಗುತ್ತದೆ.

ಆ್ಯಪನ್ನು ಗುಟ್ಟಾಗಿ ತೆಗೆಯಬೇಡಿ. ಬರೆದು ಕೊಟ್ಟು, ಡ್ಯೂಟಿ ಮುಗಿದ ಮೇಲೆ ಆರಿಸಿ. ಪತ್ರದ ಮಾದರಿ ಕೊನೆಯಲ್ಲಿ ಹಾಕುತ್ತೇನೆ.

ಇನ್ನು ಸಾವಿರ ರೂಪಾಯಿ. ಇಲ್ಲಿ ನೀವು ಗಟ್ಟಿ ನೆಲದ ಮೇಲೆ ನಿಂತಿದ್ದೀರಿ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯ ಪ್ರಕಾರ, ಯಾವ ತಪ್ಪಿಗೆ ದಂಡ ಎಂಬುದನ್ನು ಸರ್ಕಾರದ ಅನುಮತಿ ಪಡೆದು ಮೊದಲೇ ಪ್ರಕಟಿಸಿರಬೇಕು. ನಿಮ್ಮ ಸಮಜಾಯಿಷಿ ಕೇಳದೆ ದಂಡ ಹಾಕುವಂತಿಲ್ಲ. ಹಾಕಿದರೂ ಆ ಅವಧಿಯ ವೇತನದ ಶೇ 3ರಷ್ಟನ್ನು ಮೀರುವಂತಿಲ್ಲ. ಹದಿನೆಂಟು ಸಾವಿರಕ್ಕೆ ಶೇ 3 ಎಂದರೆ 540 ರೂಪಾಯಿ. ಕೆಲಸದಲ್ಲಿ ಇರಲಿಲ್ಲ ಎಂದು ಮುರಿಯುವುದಾದರೆ ನಲವತ್ತು ನಿಮಿಷಕ್ಕೆ ನಲವತ್ತು ನಿಮಿಷದ ಕೂಲಿ, ಅಷ್ಟೇ. ಸಾವಿರ ಎಲ್ಲಿಂದ ಬಂತು?

ಗುಂಪಿಗೆ ನಕ್ಷೆ ಹಾಕಿದ ವಿಷಯ ನನ್ನನ್ನು ಹೆಚ್ಚು ಕಾಡಿತು. ಮಗ ತಾಯಿಯ ಹಾಸಿಗೆಯ ಪಕ್ಕ ಕುಳಿತಿದ್ದ ಹೊತ್ತು ಮಂಡಿಯ ಹರಟೆಗೆ ವಸ್ತುವಾಗಬಾರದಿತ್ತು. ಫೋನ್ ಮಾಡಿ ಕೇಳಿದ್ದರೆ ಒಂದು ನಿಮಿಷದಲ್ಲಿ ಮುಗಿಯುತ್ತಿತ್ತು. ಆ ಸಂದೇಶದ ಚಿತ್ರವನ್ನು ದಿನಾಂಕ, ಸಮಯ ಕಾಣುವಂತೆ ತೆಗೆದಿಟ್ಟುಕೊಳ್ಳಿ.

ಪ್ರಶ್ನೆ: ಮೂರು ಲಾರಿಗಳ ಮಾಲೀಕ, ಚಿತ್ರದುರ್ಗ

ಸರ್, ನಾವೂ ಮನುಷ್ಯರೇ. ಹೋದ ವರ್ಷ ನನ್ನ ಗಾಡಿಯಿಂದ ಡೀಸೆಲ್ ಇಳಿಸಿ ಮಾರಿದ್ದು ಗೊತ್ತಾದದ್ದೇ ಜಿಪಿಎಸ್‌ನಿಂದ. ಚಾಲಕ ಎಲ್ಲಿದ್ದಾನೆ ಎಂದು ಕೇಳುವುದೇ ತಪ್ಪಾದರೆ ವ್ಯವಹಾರ ಮಾಡುವುದು ಹೇಗೆ?

ಉತ್ತರ: ವಕೀಲ

ಕೇಳುವುದು ತಪ್ಪಲ್ಲ, ಸ್ವಾಮಿ. ಡೀಸೆಲ್ ಕಳವನ್ನು ಗಾಡಿಯ ಸಾಧನ ಹಿಡಿದಿದೆ, ಚಾಲಕನ ಮೊಬೈಲ್ ಅಲ್ಲ. ಟ್ಯಾಂಕಿನ ಮಟ್ಟ ಅಳೆಯುವ ಸೆನ್ಸರ್ ಹಾಕಿಸಿ, ನಿಮ್ಮ ಕೆಲಸ ಅದರಲ್ಲೇ ಆಗುತ್ತದೆ. ಯಾವ ಮಾಹಿತಿ ತೆಗೆದುಕೊಳ್ಳುತ್ತೀರಿ, ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ ಎಂಬುದನ್ನು ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದು ಕಚೇರಿಯ ಗೋಡೆಗೆ ಅಂಟಿಸಿ. ನಕ್ಷೆ ನೋಡುವ ಪಾಸ್‌ವರ್ಡ್ ನಿಮ್ಮಲ್ಲಿ ಮತ್ತು ಗುಮಾಸ್ತರಲ್ಲಿ ಮಾತ್ರ ಇರಲಿ. ಲೋಡಿನವರಿಗೆ ಲಿಂಕ್ ಕಳುಹಿಸಿದರೆ ಮಾಲು ಇಳಿದ ಕೂಡಲೇ ಅದು ನಿಲ್ಲುವಂತೆ ಮಾಡಿ.

ಇನ್ನೊಂದು ಮಾತು, ಇದನ್ನು ನಾನು ಎಲ್ಲ ಮಾಲೀಕರಿಗೂ ಹೇಳುತ್ತೇನೆ. ಗಾಡಿ ನಿಂತದ್ದನ್ನು ತೋರಿಸುವ ದಾಖಲೆಯೇ ಅದು ಓಡಿದ್ದನ್ನೂ ತೋರಿಸುತ್ತದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ದಿನಕ್ಕೆ ಎಂಟು ಗಂಟೆ ಕೆಲಸ, ಐದು ಗಂಟೆಯ ನಂತರ ಅರ್ಧ ಗಂಟೆ ವಿಶ್ರಾಂತಿ ಎಂಬ ಲೆಕ್ಕವಿತ್ತು. ಅದರ ಜಾಗಕ್ಕೆ ಬಂದಿರುವ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗಳ ಸಂಹಿತೆಯಲ್ಲೂ ಎಂಟು ಗಂಟೆಯ ಮಿತಿ, ಹೆಚ್ಚಿನ ಹೊತ್ತಿಗೆ ದುಪ್ಪಟ್ಟು ದರ ಇವೆ. ಗುಯಿಲಾಳು ಟೋಲನ್ನು ರಾತ್ರಿ ಹನ್ನೊಂದಕ್ಕೆ ದಾಟಿದವನು ಬೆಳಗಿನ ಜಾವ ನಾಲ್ಕಕ್ಕೆ ಮತ್ತೆ ಚಕ್ರದ ಹಿಂದೆ ಕುಳಿತಿದ್ದರೆ ಅದೂ ಆ ನಕ್ಷೆಯಲ್ಲಿದೆ. ದಂಡಕ್ಕೆ ಮಾತ್ರ ಆ ನಕ್ಷೆಯನ್ನು ತೆರೆದು ಓವರ್‌ಟೈಮಿಗೆ ಮುಚ್ಚಿಡುವವರ ದಾಖಲೆಯನ್ನು ಕೋರ್ಟಿಗೆ ತರಿಸಿ ಎಂದು ನಾನೇ ಅರ್ಜಿ ಹಾಕಿದ್ದೇನೆ.

ಪ್ರಶ್ನೆ: ಸರಕು ವಾಹನ ಚಾಲಕ, ಹಿರಿಯೂರು

ನನ್ನ ಗಾಡಿ ಗೋದಾಮಿನಲ್ಲಿ ಇಡೀ ರಾತ್ರಿ ನಿಂತಿತ್ತು. ಆದರೂ ನಕ್ಷೆಯಲ್ಲಿ ಎರಡು ಕಿಲೋಮೀಟರ್ ಓಡಿದಂತೆ ಬಂದಿದೆ. ಕಳ್ಳತನದ ಬಾಡಿಗೆ ಹೊಡೆದಿದ್ದೀಯ ಎನ್ನುತ್ತಾರೆ.

ಉತ್ತರ: ಜಿಪಿಎಸ್ ಅಳವಡಿಸುವ ತಂತ್ರಜ್ಞ, ಪಿ.ಬಿ. ರಸ್ತೆ, ದಾವಣಗೆರೆ

ವಕೀಲರ ಅನುಮತಿಯಿಂದ ಇದಕ್ಕೆ ನಾನು ಉತ್ತರಿಸುತ್ತೇನೆ. ತೆರೆದ ಆಕಾಶದ ಕೆಳಗೆ ಜಿಪಿಎಸ್ ಕೆಲವು ಮೀಟರ್ ಅಂತರದಲ್ಲಿ ಸರಿಯಾಗಿ ತೋರಿಸುತ್ತದೆ. ತಗಡಿನ ಛಾವಣಿಯ ಕೆಳಗೆ ಉಪಗ್ರಹದ ಸಂಕೇತ ಗೋಡೆಗೆ, ತಗಡಿಗೆ ಬಡಿದು ಬರುತ್ತದೆ. ನಿಂತ ಗಾಡಿ ಅತ್ತಿತ್ತ ಹತ್ತಿಪ್ಪತ್ತು ಮೀಟರ್ ಅಲೆದಂತೆ ಕಾಣುತ್ತದೆ. ಇಡೀ ರಾತ್ರಿಯ ಆ ಅಲೆದಾಟವನ್ನು ಯಂತ್ರ ಕೂಡಿಸಿದರೆ ಎರಡು ಕಿಲೋಮೀಟರ್ ಆಗುವುದು ಕಷ್ಟವಲ್ಲ. ಇಗ್ನಿಷನ್ ತಂತಿ ಸರಿಯಾಗಿ ಜೋಡಿಸಿದ್ದರೆ ಎಂಜಿನ್ ಆರಿತ್ತು ಎಂದು ಅದೇ ವರದಿಯಲ್ಲಿ ಇರುತ್ತದೆ. ಆ ವರದಿ ತೆಗೆಸಿ, ಗಾಡಿಯ ಮೀಟರಿನ ಓದಿನ ಜೊತೆ ತಾಳೆ ನೋಡಿ. ಒಂದೇ ಜಾಗದಲ್ಲಿ ಜೇಡರ ಬಲೆಯಂತೆ ಗೆರೆಗಳು ಕಂಡರೆ ಗಾಡಿ ನಿಂತಿತ್ತು ಎಂದೇ ಅರ್ಥ. ಓಡಿದ ಗಾಡಿಯ ಗೆರೆ ರಸ್ತೆಯ ಮೇಲೆ ಬರುತ್ತದೆ. ಮೊಬೈಲಿನ ಲೊಕೇಶನ್ ಇದಕ್ಕಿಂತ ನಂಬಿಕೆಗೆ ದೂರ. ಒಳಾಂಗಣದಲ್ಲಿ ಟವರಿನ ಅಂದಾಜಿನ ಮೇಲೆ ತೋರಿಸಿದಾಗ ನೂರಾರು ಮೀಟರ್ ತಪ್ಪಬಹುದು.

ವಕೀಲ: ಇವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಇಂಥ ಮುದ್ರಿತ ವರದಿಯನ್ನು ಕೋರ್ಟಿನಲ್ಲಿ ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಬೇಕು. ಮೊಬೈಲ್ ಪರದೆಯ ಚಿತ್ರ ತೋರಿಸಿ ‘ಸಾಬೀತಾಯಿತು’ ಎಂದರೆ ಹೆದರಬೇಡಿ.

ಪ್ರಶ್ನೆ: ಚಾಲಕರೊಬ್ಬರ ಪತ್ನಿ, ಜಗಳೂರು

ವಕೀಲರೇ, ನಮ್ಮ ಯಜಮಾನರ ಲಾರಿಯ ಕ್ಯಾಬಿನ್ನಿನ ಒಳಗೆ ಕ್ಯಾಮೆರಾ ಹಾಕಿದ್ದಾರೆ. ಮಾತೂ ಕೇಳಿಸುತ್ತದಂತೆ. ರಾತ್ರಿ ನಾನು ಫೋನ್ ಮಾಡಿದರೆ ಅವರು ‘ಆಮೇಲೆ’ ಎಂದು ಇಟ್ಟುಬಿಡುತ್ತಾರೆ. ಮಗಳ ಮದುವೆಯ ಮಾತು ಆಡಲೂ ಆಗುತ್ತಿಲ್ಲ.

ಉತ್ತರ: ವಕೀಲ

ತಾಯಿ, ನಿಮ್ಮ ಪ್ರಶ್ನೆಯನ್ನು ಎಲ್ಲ ಮಾಲೀಕರೂ ಓದಲಿ. ರಸ್ತೆಯ ಕಡೆಗೆ ಮುಖ ಮಾಡಿದ ಕ್ಯಾಮೆರಾ ಒಳ್ಳೆಯದು. ಅಪಘಾತವಾದಾಗ ಚಾಲಕನ ತಪ್ಪಿಲ್ಲ ಎಂದು ಅದೇ ಸಾಕ್ಷಿ ಹೇಳುತ್ತದೆ. ಒಳಗಿನ ಕ್ಯಾಮೆರಾ ತೂಕಡಿಕೆ ಹಿಡಿಯಲು ಎನ್ನುತ್ತಾರೆ, ಅದನ್ನೂ ಗಾಡಿ ಓಡುವಾಗ ಒಪ್ಪಬಹುದು. ಆದರೆ ದೂರದ ಲಾರಿಯ ಕ್ಯಾಬಿನ್ ಹಗಲು ಕೆಲಸದ ಜಾಗವಾದರೆ ರಾತ್ರಿ ಮಲಗುವ ಕೋಣೆ. ಅಲ್ಲಿ ಅವರು ಲುಂಗಿ ಸುತ್ತಿಕೊಂಡು ಕಾಲು ಚಾಚುತ್ತಾರೆ, ನಿಮ್ಮೊಡನೆ ಮಾತಾಡುತ್ತಾರೆ. ಎಂಜಿನ್ ಆರಿದ ಮೇಲೆ ಒಳಗಿನ ಕ್ಯಾಮೆರಾ ಆರಬೇಕು. ಮಾತು ಧ್ವನಿಮುದ್ರಣ ಮಾಡುವುದಕ್ಕೆ ನನಗೆ ಯಾವ ಕಾರಣವೂ ಕಾಣುತ್ತಿಲ್ಲ. ಈ ಎರಡನ್ನೂ ಯಜಮಾನರು ಬರವಣಿಗೆಯಲ್ಲಿ ಕೇಳಲಿ. ಒಬ್ಬರೇ ಕೇಳಲು ಹಿಂಜರಿದರೆ ಅಲ್ಲಿಯ ಚಾಲಕರೆಲ್ಲ ಸೇರಿ ಸಹಿ ಹಾಕಲಿ.

ಮೊದಲ ಪ್ರಶ್ನೆ ಕೇಳಿದ ಚಾಲಕ: ತಾಯಿ ಮನೆಗೆ ಬಂದಿದ್ದಾರೆ ಸರ್, ಕೇಳಿದ್ದಕ್ಕೆ ನಮಸ್ಕಾರ. ಪತ್ರದ ಮಾದರಿ ಹಾಕಿ. ವಕೀಲರ ಫೀಸು ಕೊಡುವ ಶಕ್ತಿ ಸದ್ಯ ಇಲ್ಲ.

ಉತ್ತರ: ವಕೀಲ

ಒಳ್ಳೆಯ ಸುದ್ದಿ. ಪತ್ರ ಹೀಗಿರಲಿ:

‘ಮಾನ್ಯರೇ, ಡ್ಯೂಟಿಯ ಹೊತ್ತಿನಲ್ಲಿ ಲಾರಿಯ ಜಿಪಿಎಸ್‌ಗೆ ನನ್ನ ಆಕ್ಷೇಪಣೆ ಇಲ್ಲ. ನನ್ನ ಸ್ವಂತ ಮೊಬೈಲಿನ ಆ್ಯಪನ್ನು ಡ್ಯೂಟಿ ಮುಗಿದ ಮೇಲೆ ಮತ್ತು ರಜೆಯ ದಿನ ಆರಿಸುತ್ತೇನೆ. ನಾನು ಸಹಿ ಹಾಕಿದ ಕಾಗದದ ಪ್ರತಿ ಮತ್ತು ಕನ್ನಡ ವಿವರಣೆ ಕೊಡಿ. ನನ್ನ ಸ್ಥಳದ ಚಿತ್ರವನ್ನು ಗುಂಪಿನಿಂದ ತೆಗೆಯಿರಿ. ನನ್ನ ಮಾತು ಕೇಳದೆ ಮುರಿದ ಸಾವಿರ ರೂಪಾಯಿಯನ್ನು ಈ ತಿಂಗಳ ಸಂಬಳದಲ್ಲಿ ಸೇರಿಸಿ ಕೊಡಿ.’

ಎರಡು ಪ್ರತಿ ಮಾಡಿ, ಒಂದಕ್ಕೆ ಕಚೇರಿಯ ಸ್ವೀಕೃತಿ ಹಾಕಿಸಿಕೊಳ್ಳಿ. ಹಾಕದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ. ಹದಿನೈದು ದಿನದಲ್ಲಿ ಉತ್ತರ ಬಾರದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿಗೆ ದೂರು ಕೊಡಿ. ಫೀಸಿನ ಚಿಂತೆ ಬೇಡ. ಕೋರ್ಟಿನಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ, ಅರ್ಹರಿಗೆ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. 15100ಕ್ಕೆ ಕರೆ ಮಾಡಿದರೂ ದಾರಿ ಹೇಳುತ್ತಾರೆ. ಹೋಗುವಾಗ ಮೂರು ತಿಂಗಳ ಸಂಬಳದ ಚೀಟಿ, ಆ ವಾಟ್ಸ್‌ಆ್ಯಪ್ ಸಂದೇಶದ ಚಿತ್ರ, ಆಸ್ಪತ್ರೆಯಲ್ಲಿ ತಾಯಿಯನ್ನು ಸೇರಿಸಿದ ಚೀಟಿ ಜೊತೆಗಿರಲಿ.