ಬೆಂಕಿ ಕುದುರೆಯ ವರ್ಷಕ್ಕೆ ಹೆದರಿ ಚಿಕಿತ್ಸೆ ಮುಂದೂಡಬೇಡಿ

ಓದುಗರ ಸ್ಪಂದನ

ಸಮಸ್ಯೆ: ಪತಿ ಜಪಾನಿನವರು, ನಾವಿರುವುದು ಯೊಕೊಹಾಮಾದಲ್ಲಿ. ನನಗೀಗ 39. ಮಗುವಿಗಾಗಿ ಐವಿಎಫ್ ಶುರು ಮಾಡಬೇಕೆಂದಿದ್ದೆವು. 2026 ‘ಹಿನೊಎ-ಉಮಾ’ ಅಂದರೆ ಬೆಂಕಿ ಕುದುರೆಯ ವರ್ಷ, ಹೆಣ್ಣು ಹುಟ್ಟಿದರೆ ಅವಳ ಬಾಳು ಕಷ್ಟ, ಒಂದು ವರ್ಷ ತಡೆಯಿರಿ ಅಂತಾರೆ ಅತ್ತೆ. ಏನು ಮಾಡಲಿ?

ಸೋದರಿ, ತಡೆಯಬೇಡಿ. 2022ರ ಏಪ್ರಿಲ್‌ನಿಂದ ಜಪಾನಿನ ಸಾರ್ವಜನಿಕ ವಿಮೆ ಐವಿಎಫ್ ವೆಚ್ಚ ಭರಿಸುತ್ತಿದೆ. ನಿಮ್ಮ ಪಾಲು ಶೇ 30. ಮೊದಲ ಚಿಕಿತ್ಸೆ ಆರಂಭವಾದ ದಿನ ಹೆಂಡತಿಗೆ 40 ತುಂಬಿರದಿದ್ದರೆ ಒಂದು ಮಗುವಿಗೆ ಆರು ಸಲ ಭ್ರೂಣ ವರ್ಗಾವಣೆಗೆ ಅವಕಾಶ. 40 ದಾಟಿದರೆ ಮೂರೇ ಸಲ, 43ಕ್ಕೆ ಬಾಗಿಲು ಮುಚ್ಚಿತು. ಅತ್ತೆಯ ಮಾತಿಗೆ ಒಂದು ವರ್ಷ ಕೊಟ್ಟರೆ ಮೂರು ಅವಕಾಶ ಕೈತಪ್ಪುತ್ತವೆ. ಅಂಡಾಣುವಿಗೂ ವಯಸ್ಸಾಗುತ್ತದೆ, ಅದು ಇನ್ನೂ ದೊಡ್ಡ ನಷ್ಟ.

ಲೆಕ್ಕ ಹಾಕಿ ನೋಡಿ. ಹೆರಿಗೆಯ ಅಂದಾಜು ದಿನ ತಿಳಿಯಲು ಕೊನೆಯ ಮುಟ್ಟಿನ ಮೊದಲ ದಿನಕ್ಕೆ 280 ದಿನ ಕೂಡಿಸಬೇಕು. ಮಾರ್ಚ್ 27ಕ್ಕೆ ಕೂಡಿಸಿದರೆ 2027ರ ಜನವರಿ 1! ಏಪ್ರಿಲ್ ಮಧ್ಯ ದಾಟಿ ಗರ್ಭ ನಿಂತರೆ, ಹೆರಿಗೆಯ ಅಂದಾಜು ದಿನ 2027ರಲ್ಲೇ. ಆ ದಿನಕ್ಕಿಂತ ಮೊದಲೇ ಹೆರಿಗೆಯಾದರೆ ಲೆಕ್ಕ ತಪ್ಪಬಹುದು. ಹಾಗಾಗಿ ಪರೀಕ್ಷೆ, ಚಿಕಿತ್ಸಾ ಯೋಜನೆಗೆ ಸಹಿ, ಅಂಡಾಣು ತೆಗೆಯುವುದು ಯಾವುದನ್ನೂ ನಿಲ್ಲಿಸಬೇಕಿಲ್ಲ.
— ಸ್ತ್ರೀರೋಗ ತಜ್ಞೆ, ಮಂಗಳೂರು

ಅತ್ತೆಯ ಭಯವನ್ನು ಹಗುರವಾಗಿ ಕಾಣಬೇಡಿ. ಅಲ್ಲಿನ ಹಳೆಯ ಪಂಚಾಂಗದಲ್ಲಿ ವರ್ಷಗಳನ್ನು ಗುರುತಿಸುವ ಹತ್ತು ‘ಕಾಂಡ’, ಹನ್ನೆರಡು ಪ್ರಾಣಿ ಸೇರಿ 60 ವರ್ಷಕ್ಕೊಂದು ಸುತ್ತು. ಹಿನೊಎ ಎಂಬ ಕಾಂಡದ್ದು ಬೆಂಕಿಯ ಗುಣ, ಕುದುರೆಯದೂ ಬೆಂಕಿಯ ಗುಣ. ಎರಡೂ ಕೂಡಿದ ವರ್ಷ ಹುಟ್ಟಿದವಳು ಗಂಡನನ್ನು ನುಂಗುತ್ತಾಳೆಂಬ ನಂಬಿಕೆ. ಪ್ರೀತಿಗಾಗಿ ಬೆಂಕಿ ಹಚ್ಚಿದಳೆಂದು 1683ರಲ್ಲಿ ಎಡೊದಲ್ಲಿ (ಇಂದಿನ ಟೋಕಿಯೊ) ಮರಣದಂಡನೆಗೆ ಗುರಿಯಾದ ತರಕಾರಿ ಅಂಗಡಿಯವನ ಮಗಳು, ಇಂಥದೇ ವರ್ಷ ಹುಟ್ಟಿದವಳೆನ್ನಲಾದ ಒಶಿಚಿಯ ಕಥೆ ಇದಕ್ಕೆ ಅಂಟಿಕೊಂಡಿತು. 1906ರಲ್ಲಿ ಹೆತ್ತವರು ಹೆಣ್ಣುಮಕ್ಕಳ ಜನನವನ್ನು ಹಿಂದಿನ ಇಲ್ಲವೇ ಮುಂದಿನ ವರ್ಷಕ್ಕೆ ಬರೆಸಿದ್ದರು. 1965ರಲ್ಲಿ 18.24 ಲಕ್ಷವಿದ್ದ ಜನನ 1966ರಲ್ಲಿ 13.61 ಲಕ್ಷಕ್ಕೆ ಕುಸಿದು, ಮರುವರ್ಷ 19.36 ಲಕ್ಷಕ್ಕೆ ಏರಿತು. ದಂಪತಿಗಳು ಗರ್ಭನಿರೋಧಕ ಬಳಸಿ ಆ ಒಂದು ವರ್ಷ ದಾಟಿಸಿದ್ದರು. ನಿಮ್ಮ ಅತ್ತೆಗೆ 70ರ ಆಸುಪಾಸಾದರೆ, ಬಾಲ್ಯದಲ್ಲಿ ಕಿವಿಗೆ ಬಿದ್ದ ಮಾತು ಇದು.

ದಿನಾಂಕ ಬದಲಿಸಿ ಬರೆಸುವ ಆಸೆ ಯಾರೂ ಇಟ್ಟುಕೊಳ್ಳಬೇಡಿ. ಜನನ ನೋಂದಣಿ ಅರ್ಜಿಯ ಬಲಭಾಗದಲ್ಲಿ ವೈದ್ಯರೋ ಸೂಲಗಿತ್ತಿಯೋ ಹುಟ್ಟಿದ ದಿನ, ಗಳಿಗೆ ಬರೆದುಕೊಡುತ್ತಾರೆ. 14 ದಿನದೊಳಗೆ ಅದನ್ನು ಪುರಸಭೆಗೆ ಒಪ್ಪಿಸಬೇಕು.
— ಜನಸಂಖ್ಯಾಶಾಸ್ತ್ರ ಅಧ್ಯಾಪಕ, ಧಾರವಾಡ

ಅತ್ತೆಯೊಂದಿಗೆ ಮಾತು ನಿಮ್ಮ ಪತಿಯೇ ಆಡಲಿ. ಸೊಸೆ ಆಡಿದರೆ ಎದುರುತ್ತರವಾಗುತ್ತದೆ. ವಾದಕ್ಕಿಂತ ಕಣ್ಣೆದುರಿನ ಬಾಳು ತೋರಿಸಿ: ಯುವರಾಜ ಅಕಿಶಿನೊ ಅವರ ಪತ್ನಿ ಕಿಕೊ ಹುಟ್ಟಿದ್ದು 1966ರ ಸೆಪ್ಟೆಂಬರ್ 11ರಂದು. 1990ರಲ್ಲಿ ಮದುವೆ, ಮೂವರು ಮಕ್ಕಳು.

ಮೂಲಾ ನಕ್ಷತ್ರದ ಸೊಸೆ ಮಾವನಿಗೆ ಆಗಿಬರುವುದಿಲ್ಲವೆಂಬ ಮಾತು ಕೇಳಿ ಬೆಳೆದ ನಮಗೆ ಇದು ಹೊಸದಲ್ಲ. ನಮ್ಮ ಷಷ್ಟ್ಯಬ್ದಿಯಂತೆ ಅವರಲ್ಲಿ ‘ಕನ್‌ರೆಕಿ’ ಇದೆ, 60 ತುಂಬಿದವರಿಗೆ ಕೆಂಪು ಟೊಪ್ಪಿ, ತೋಳಿಲ್ಲದ ಕೆಂಪು ಮೇಲಂಗಿ ತೊಡಿಸುತ್ತಾರೆ. 1966ರ ಹೆಣ್ಣುಮಕ್ಕಳಿಗೆ ಆ ಸಂಭ್ರಮ ಈ ವರ್ಷವೇ. ಅತ್ತೆಯ ನೆರೆಹೊರೆಯಲ್ಲೂ ಅಂಥವರು ಇದ್ದೇ ಇರುತ್ತಾರೆ.
— ಜಪಾನಿ ಭಾಷಾ ಶಿಕ್ಷಕಿ, ಬೆಂಗಳೂರು