ಜರ್ನಲ್ ಪುರವಣಿಗೆ ಬೇರೆ ರೆಕಾರ್ಡ್ ಮಾಡ್ಬೇಕಾ? ಇಂಡೆಕ್ಸ್ ಎಲ್ಲಿ ತೋರ್ಸೋದು?

ಹಳೇಸಂಪುಟ:
ಎಲ್ರಿಗೂ ನಮಸ್ಕಾರ. ಇಷ್ಟು ದಿನ ಬರೀ ಪುಸ್ತಕ ಕ್ಯಾಟಲಾಗ್ ಮಾಡ್ಕೊಂಡಿದ್ದೆ, ಈಗ ಪೀರಿಯಾಡಿಕಲ್ಸ್ ಸೆಕ್ಷನ್ ನನ್ ತಲೆಗೆ ಬಿದ್ದಿದೆ. ಒಂದು ತ್ರೈಮಾಸಿಕ ಜರ್ನಲ್ ಇದೆ, ಅದ್ರ ಪುರವಣಿಗಳದ್ದೇ ತಲೆನೋವು. ಕೆಲವದರ ಮೇಲೆ "ಸಂಪುಟ 42, ಸಪ್ಲಿಮೆಂಟ್ 1" ಅಂತಿದೆ, ಕೆಲವದರ ಮೇಲೆ "ಸಂಪುಟ 42, ಸಂಚಿಕೆ 3, ಸಪ್ಲಿಮೆಂಟ್" ಅಂತಿದೆ, ಇನ್ನೊಂದು ವರ್ಷಕ್ಕೊಂದ್ಸಲ ಬರುತ್ತೆ, ಅದಕ್ಕೆ ಬೇರೇನೇ ಹೆಸರು, ಒಳಗೆ ತೆಗೆದ್ರೆ ಬೇರೆ ಐಎಸ್‌ಎಸ್‌ಎನ್ (ನಿಯತಕಾಲಿಕಗಳಿಗೆ ಕೊಡೋ ಗುರುತಿನ ನಂಬರ್) ಕೂಡ ಇದೆ. ಸಾಲ್ದು ಅಂತ 1ರಿಂದ 25ನೇ ಸಂಪುಟದವರೆಗಿನ ಒಂದು ದಪ್ಪ ಇಂಡೆಕ್ಸ್ ಬೇರೆ. ಹಿಂದೆ ಇದ್ದವರು ಒಂದೊಂದು ಪುರವಣಿಗೂ ಒಂದೊಂದು ಪುಸ್ತಕದ ಥರ ರೆಕಾರ್ಡ್ ಮಾಡಿಟ್ಟು ಹೋಗಿದಾರೆ, ಜರ್ನಲ್ ರೆಕಾರ್ಡ್ ತೆಗೆದ್ರೆ ಪುರವಣಿ ಇದೆ ಅನ್ನೋ ಸುಳಿವೇ ಇಲ್ಲ. ಮೊನ್ನೆ ಒಬ್ರು ಪುಟ ಸಂಖ್ಯೆ "ಎಸ್45" ಅಂತ ಬರ್ಕೊಂಡು ಬಂದು ಲೇಖನ ಕೇಳಿದ್ರು, ನಾನು ಮಾಮೂಲಿ ಸಂಚಿಕೆಲಿ 45ನೇ ಪುಟ ತೆಗೆದು ಕೊಟ್ಟು ಮುಖ ಕೆಡಿಸ್ಕೊಂಡೆ. ಎಲ್ಲಿಂದ ಶುರು ಮಾಡ್ಲಿ?

ಮೂರನೇಕಪಾಟು:
ಆ "ಎಸ್" ಸಪ್ಲಿಮೆಂಟ್‌ದು ಸರ್, ಎಲ್ರೂ ಒಂದ್ಸಲ ಮುಗ್ಗರಿಸೋ ಜಾಗ ಅದು.

ನಾನು ಮೊದ್ಲು ನೋಡೋದು ಆ ಪುರವಣಿ ತನ್ನ ಕಾಲ್ ಮೇಲೆ ತಾನು ನಿಲ್ಲುತ್ತಾ ಅಂತ. ಸ್ವಂತ ಹೆಸರು, ಸ್ವಂತ ನಂಬರಿಂಗ್, ಸ್ವಂತ ಐಎಸ್‌ಎಸ್‌ಎನ್, ಬೇರೆಯಾಗಿ ಚಂದಾ ಕಟ್ಟಿ ತರಿಸ್ಕೋಬಹುದು, ಇವೆಲ್ಲ ಇದ್ರೆ ಅದು ಬೇರೆ ಸೀರಿಯಲ್ಲೇ, ಅಂದ್ರೆ ಸ್ವತಂತ್ರ ನಿಯತಕಾಲಿಕ, ಬೇರೆ ರೆಕಾರ್ಡ್ ಮಾಡಿ. ನಿಮ್ಮ ವಾರ್ಷಿಕದ್ದು ಈ ಜಾತಿ. ಆದ್ರೆ ಎರಡನ್ನೂ ಕಟ್ಟಿಹಾಕ್ಬೇಕು: ಮೂಲ ಜರ್ನಲ್ ರೆಕಾರ್ಡಲ್ಲಿ ಪುರವಣಿ ತೋರ್ಸೋ ಮಾರ್ಕ್ 770 (ಮಾರ್ಕ್ ಅಂದ್ರೆ ಕ್ಯಾಟಲಾಗ್ ರೆಕಾರ್ಡಿನ ಫಾರ್ಮ್ಯಾಟ್, ಈ ನಂಬರೆಲ್ಲ ಅದ್ರ ಫೀಲ್ಡ್‌ಗಳು), ಪುರವಣಿ ರೆಕಾರ್ಡಲ್ಲಿ ಜರ್ನಲ್ ತೋರ್ಸೋ 772. ಒಂದು ಕಡೆ ಹಾಕಿ ಇನ್ನೊಂದು ಕಡೆ ಮರೆಯೋದೇ ಜಾಸ್ತಿ, ಆಗ ಓದುಗ ಪುರವಣಿಯಿಂದ ಜರ್ನಲ್‌ಗೆ ಬರ್ತಾನೆ, ಜರ್ನಲ್‌ನಿಂದ ಪುರವಣಿಗೆ ಹೋಗಕ್ಕಾಗಲ್ಲ.

"ಸಂಪುಟ 42, ಸಪ್ಲಿಮೆಂಟ್ 1" ಥರದ್ದಕ್ಕೆ ಬೇರೆ ರೆಕಾರ್ಡ್ ಬೇಡ. ಜರ್ನಲ್ ರೆಕಾರ್ಡಲ್ಲಿ 525 ನೋಟ್ ಹಾಕಿ, ಯಾವ್ಯಾವುದು ನಿಮ್ಮಲ್ಲಿದೆ ಅಂತ ಹೋಲ್ಡಿಂಗ್ಸಲ್ಲಿ (ಲೈಬ್ರರಿಲಿರೋ ಸಂಪುಟ, ಸಂಚಿಕೆಗಳ ಪಟ್ಟಿ) ತೋರ್ಸಿ. ಸಪ್ಲಿಮೆಂಟ್ ಇಡೀ ಸಂಪುಟದ್ದೋ, ಸಂಚಿಕೆ 3ರದ್ದೋ ಅನ್ನೋದನ್ನ ಮುಖಪುಟದಲ್ಲಿ ಇದ್ದ ಹಾಗೇ ಬರೀರಿ, ನಮಗೆ ತೋಚಿದ ಹಾಗೆ ಸರಿಮಾಡೋಕೆ ಹೋಗ್ಬೇಡಿ, ಉಲ್ಲೇಖ ಬರೆಯೋರು ಅದನ್ನೇ ನೋಡಿ ಬರೆದಿರ್ತಾರೆ.

ಬೈಂಡಿಂಗ್‌ಪೀಡಿತ:
ಇಂಡೆಕ್ಸ್ ಬಗ್ಗೆ ನಾನ್ ಹೇಳ್ತೀನಿ, ಇದ್ರಲ್ಲಿ ನಾನು ಸಾಕಷ್ಟು ಪೆಟ್ಟು ತಿಂದಿದೀನಿ. ಒಂದು ಸಂಪುಟದ ಇಂಡೆಕ್ಸ್ ಎಷ್ಟೋ ಸಲ ಸಂಪುಟ ಮುಗಿದು ತಿಂಗಳಾದ್ಮೇಲೆ, ಮುಂದಿನ ಸಂಪುಟದ ಮೊದಲ ಸಂಚಿಕೆ ಮಧ್ಯ ನಾಲ್ಕೆಂಟು ಹಾಳೆ ಪಿನ್ ಹೊಡೆದ ರೂಪದಲ್ಲಿ ಬರುತ್ತೆ, ಅಷ್ಟೊತ್ತಿಗೆ ನಾವು ಹಳೇ ಸಂಪುಟ ಬೈಂಡಿಂಗಿಗೆ ಕಳ್ಸಿ ಆಗಿರುತ್ತೆ, ಬಂದ ಹಾಳೆನ ಯಾರೋ ಜಾಹೀರಾತು ಅಂದ್ಕೊಂಡು ಎಸೀತಾರೆ. ನಮ್ಮಲ್ಲಿ ಹಿಂಗೇ ಎರಡು ಸಂಪುಟದ ಇಂಡೆಕ್ಸ್ ಹೋಯ್ತು. ಈಗ ಇಂಡೆಕ್ಸ್ ಬರೋವರೆಗೂ ಬೈಂಡಿಂಗೇ ಇಲ್ಲ, ಬಂದಿದೆ ಅಂತ ಚೆಕ್‌ಇನ್‌ನಲ್ಲಿ (ಬಂದ ಸಂಚಿಕೆ ಗುರುತು ಹಾಕ್ಕೊಳ್ಳೋ ದಾಖಲೆ) ಟಿಕ್ ಬಿದ್ರೆ ಮಾತ್ರ ಕಟ್ಟು ಹೊರಗೆ ಹೋಗುತ್ತೆ.

ನಿಮ್ಮ 1ರಿಂದ 25ರ ಇಂಡೆಕ್ಸ್‌ಗೆ 555 ನೋಟ್ ಸಾಕು. "ಇಂಡೆಕ್ಸ್ ಇದೆ" ಅಂತ ಬರೆದು ಬಿಡ್ಬೇಡಿ, ಯಾವ ಸಂಪುಟಗಳಿಗೆ, ಬೇರೆ ಪುಸ್ತಕವಾಗಿ ಬಂದಿದೆಯಾ ಇಲ್ಲಾ ಯಾವ ಸಂಪುಟದ ಒಳಗಿದೆ, ಅಷ್ಟೂ ಬರೀರಿ. ಷೆಲ್ಫಲ್ಲಿ ಅದನ್ನ 25ನೇ ಸಂಪುಟದ ಪಕ್ಕ ಇಡ್ತೀರೋ ಸಾಲಿನ ಕೊನೆಗೆ ಇಡ್ತೀರೋ ನಿಮ್ಮಿಷ್ಟ, ಎಲ್ಲ ಜರ್ನಲ್‌ಗೂ ಒಂದೇ ಥರ ಮಾಡಿ ಅಷ್ಟೇ.

ಹೋಲ್ಡಿಂಗ್ಸ್‌ಗೂ ಗೊತ್ತಿರ್ಲಿ: ಟೆಕ್ಸ್ಟ್ ರೂಪದಲ್ಲಿ ಹಾಕೋದಾದ್ರೆ ಮಾಮೂಲಿ ಸಂಚಿಕೆ 866, ಸಪ್ಲಿಮೆಂಟ್ 867, ಇಂಡೆಕ್ಸ್ 868. ಎಲ್ಲಾನೂ 866ಕ್ಕೆ ತುರುಕೋ ಅಭ್ಯಾಸ ಎಲ್ಲ ಕಡೆ ಇದೆ, ಹೊರಗೆ ನೋಡಕ್ಕೆ ಏನೂ ತಪ್ಪಿಲ್ಲ ಅನ್ಸುತ್ತೆ, ಸಪ್ಲಿಮೆಂಟ್ ಮಾತ್ರ ಪಟ್ಟಿ ಬೇಕು ಅಂದ ದಿನ ಗೊತ್ತಾಗೋದು.

ಹಾಳೆತಿರುವು:
ಆನ್‌ಲೈನಲ್ಲಿ ಪೂರ್ತಿ ಪಠ್ಯ ಸರ್ಚ್ ಆಗೋ ಕಾಲದಲ್ಲಿ ಮುದ್ರಿತ ಇಂಡೆಕ್ಸ್‌ಗೆ ಇಷ್ಟೊಂದು ಒದ್ದಾಟ ಬೇಕಾ ಅಂತ ನಂಗೆ ಅನುಮಾನ.

ಬೈಂಡಿಂಗ್‌ಪೀಡಿತ:
@ಹಾಳೆತಿರುವು ಹೊಸದಕ್ಕೆ ಬೇಡದಿರಬಹುದು. ಸ್ಕ್ಯಾನೇ ಆಗದ ಹಳೇ ಸಂಪುಟಕ್ಕೆ ಅದೊಂದೇ ದಾರಿ ಗುರು. ಅದೂ ಅಲ್ದೆ ವಿಷಯದ ಪ್ರಕಾರ ಮನುಷ್ಯರು ಕೂತು ಮಾಡಿದ ಇಂಡೆಕ್ಸಲ್ಲಿ, ಲೇಖನದಲ್ಲಿ ಆ ಪದ ಇಲ್ದಿದ್ರೂ ಆ ವಿಷಯದ ಕೆಳಗೆ ಸಿಗುತ್ತೆ.

ಮೂರನೇಕಪಾಟು:
ಇನ್ನೊಂದು ಮರ್ತಿದ್ದೆ. ವಾರ್ಷಿಕ ಪುರವಣಿ ರೆಕಾರ್ಡಲ್ಲಿ ಐಎಸ್‌ಎಸ್‌ಎನ್ ಫೀಲ್ಡ್ ಆದ 022ಕ್ಕೆ ಪುರವಣಿದೇ ಐಎಸ್‌ಎಸ್‌ಎನ್ ಹಾಕಿ. ಮೂಲ ಜರ್ನಲ್‌ದು 772ರ ಎಕ್ಸ್ ಸಬ್‌ಫೀಲ್ಡಿಗೆ (ಫೀಲ್ಡ್ ಒಳಗಿನ ಐಎಸ್‌ಎಸ್‌ಎನ್ ಭಾಗ). ಅದಲು ಬದಲಾದ್ರೆ, ನಿಮ್ಮ ಸಾಫ್ಟ್‌ವೇರ್ ಐಎಸ್‌ಎಸ್‌ಎನ್ ನೋಡಿ ರೆಕಾರ್ಡ್ ಹೊಂದಿಸೋ ಥರ ಇದ್ರೆ, ಇಂಪೋರ್ಟ್ ಮಾಡೋವಾಗ ಪುರವಣಿ ಬಂದು ಜರ್ನಲ್ ಮೇಲೇ ಕೂತ್ಬಿಡುತ್ತೆ.

ಹಳೇಸಂಪುಟ:
ಅಯ್ಯೋ, ಅದೇ ಆಗಿದೆ! ಈಗ ತೆಗೆದು ನೋಡ್ದೆ, ವಾರ್ಷಿಕದ 022ಲಿ ಜರ್ನಲ್ ನಂಬರೇ ಇದೆ. ಮೊದ್ಲು ಅದು ಸರಿ ಮಾಡಿ, 770, 772 ಹಾಕಿ, ಆಮೇಲೆ ಬಿಡಿ ಬಿಡಿ ರೆಕಾರ್ಡ್ ಒಂದೊಂದೇ ಅಳಿಸ್ತೀನಿ. ಅಳಿಸೋಕ್ ಮುಂಚೆ ಅವುಗಳ ಬಾರ್‌ಕೋಡ್ ಐಟಂಗಳನ್ನ ಜರ್ನಲ್ ರೆಕಾರ್ಡಿಗೆ ವರ್ಗ ಮಾಡ್ಬೇಕು ಅಲ್ವಾ?

ಮೂರನೇಕಪಾಟು:
ಹೂಂ, ಮೊದ್ಲು ಐಟಂ ವರ್ಗ ಮಾಡಿ, ಸಾಲ ಹೋಗಿರೋದು ಯಾವ್ದಾದ್ರೂ ಇದ್ರೆ ಅದು ವಾಪಸ್ ಬರೋವರೆಗೂ ಆ ರೆಕಾರ್ಡ್ ಮುಟ್ಬೇಡಿ.