ಪದಚರ್ಚೆ: ನಯಾರಿತ್‌ನ ‘ಕುಳಿತ ಹೆಂಗಸು’, ಸೆರಾಮಿಕ್‌ಗೆ ಏನನ್ನೋಣ?

ಪ್ರಶ್ನೆ:
ಪ್ರದರ್ಶನದ ಫಲಕ ನಾಳೆ ಅಚ್ಚಿಗೆ ಹೋಗಬೇಕು. ವಸ್ತು ‘ಕುಳಿತ ಹೆಂಗಸು’ ಎಂಬ ಸೆರಾಮಿಕ್ ಆಕೃತಿ: ಪಶ್ಚಿಮ ಮೆಕ್ಸಿಕೋದ ನಯಾರಿತ್‌ ರಾಜ್ಯದ್ದು, ಕ್ರಿ.ಪೂ. 300ರಿಂದ ಕ್ರಿ.ಶ. 300ರ ನಡುವಿನದು. ಒಳಗೆ ಪೊಳ್ಳು, ಮಿರುಗುವ ಕೆಂಪು ಮೈ, ಕಿವಿಯಂಚಿಗೆ ಸಾಲು ಓಲೆ. ಕರಡಿನಲ್ಲಿ ‘ಕೊಲಂಬಸ್‌ಪೂರ್ವ ಪಿಂಗಾಣಿ ವಿಗ್ರಹ’ ಎಂದಿದೆ. ಸರಿಯೇ? ಎರಡೇ ಸಾಲಿಗೆ ಜಾಗ.

ಉತ್ತರ 1:
ತಪ್ಪು. ಪಿಂಗಾಣಿಗೆ ಬಿಳಿಜೇಡಿ ಬೇಕು, 1200 ಡಿಗ್ರಿ ಸೆಲ್ಸಿಯಸ್ ದಾಟಿದ ಕಾವು ಬೇಕು. ಇದು 1000 ಡಿಗ್ರಿಯೊಳಗೆ ಸುಟ್ಟ ಸಾದಾ ಜೇಡಿ. ಗಾಜಿನಂಥ ಲೇಪವೂ ಕುಂಬಾರನ ತಿಗರಿಯೂ ಅಲ್ಲಿಗೆ ಬಂದದ್ದು 16ನೇ ಶತಮಾನದಲ್ಲಿ, ಸ್ಪೇನಿನವರ ಜೊತೆ. ಈ ಮಿರುಗು ಬೇರೆ: ಕೆಮ್ಮಣ್ಣಿನ ತಿಳಿ ಬಳಿದು, ಹಸಿ ಪೂರ್ತಿ ಆರುವ ಮೊದಲೇ ನುಣುಪುಗಲ್ಲಿನಿಂದ ತಿಕ್ಕಿ, ಆಮೇಲೆ ಸುಡುವುದು. ಒಣಗಿದ ಮೇಲೆ ತಿಕ್ಕಿದರೆ ತಿಳಿ ಪುಡಿಯಾಗಿ ಉದುರುತ್ತದೆ. ಪೊಳ್ಳು ಮೈಗೆ ಎಲ್ಲಾದರೊಂದು ತೂತು ಬೇಕೇ ಬೇಕು. ಹಬೆಗೆ ದಾರಿಯಿಲ್ಲದಿದ್ದರೆ ಬೆಂಕಿಯಲ್ಲಿ ಸಿಡಿಯುತ್ತದೆ.

‘ವಿಗ್ರಹ’ ಅಂದರೆ ಪೂಜೆಯದು ಅಂದುಕೊಳ್ಳುತ್ತಾರೆ. ಇವು ಸತ್ತವರ ಪಕ್ಕ ಗೋರಿಯಲ್ಲಿಟ್ಟವು. ‘ಸುಡುಮಣ್ಣಿನ ಬೊಂಬೆ’ ಅನ್ನಿ.

ಉತ್ತರ 2:
ಬೊಂಬೆ ಬೇಡ, ಆಟಿಕೆಯಾಗುತ್ತದೆ. ‘ಪಾಪೆ’ ಇದೆಯಲ್ಲ! ತಮಿಳಿನ ‘ಪಾವೈ’ಗೆ ಒಡಹುಟ್ಟು. ಎದುರಿನವರ ಕಣ್ಣಲ್ಲಿ ನಮ್ಮದೇ ಪುಟ್ಟ ಆಕೃತಿ ಕಾಣುತ್ತದಲ್ಲ, ಕಣ್ಣುಪಾಪೆ ಅಂದರೆ ಅದೇ. ಅಚ್ಚಗನ್ನಡ ಇರುವಾಗ ಮಣ್ಣಿನ ಮೂರ್ತಿಗೆ ಸಂಸ್ಕೃತದ ‘ಮೃಣ್ಮೂರ್ತಿ’ ತರಬೇಡಿ.

ಉತ್ತರ 3:
ಫಲಕದಲ್ಲಿ ‘ಪಾಪೆ’ ಯಾರಿಗೂ ತಿಳಿಯದು. ಮೃಣ್ಮೂರ್ತಿ ಬಳಕೆಯಲ್ಲಿದೆ. ಟೆರಾಕೋಟ ಅಂದರೂ ನಡೆಯುತ್ತದೆ.

ಉತ್ತರ 2:
ಟೆರಾಕೋಟ ಇಟಾಲಿಯನ್, ಅರ್ಥವೇ ಸುಟ್ಟ ಮಣ್ಣು. ಮನೆಯಲ್ಲಿರುವುದನ್ನು ಸಾಲ ತರುವುದೇಕೆ?

ಉತ್ತರ 3:
ಹಾಗಾದರೆ ‘ಗೋರಿ’ಯನ್ನೂ ಬಿಡಿ, ಅದು ಪಾರಸಿ. ‘ಫಲಕ’ ಸಂಸ್ಕೃತ. ಎಲ್ಲಿಗೆ ನಿಲ್ಲಿಸುತ್ತೀರಿ?

ಉತ್ತರ 1:
ಗೋರಿ ಕನ್ನಡವಾಗಿ ಎಷ್ಟೋ ಕಾಲವಾಯಿತು, ಅದನ್ನು ಬಿಡಲಾಗದು. ಇಲ್ಲಿ ಗೋರಿಯ ಬಗೆ ಹೇಳಲೇಬೇಕು: ಬಾವಿಯಂತೆ ನೆಟ್ಟಗೆ ತೋಡಿ, ತಳದಲ್ಲಿ ಪಕ್ಕಕ್ಕೆ ಕೋಣೆ ಕೊರೆದದ್ದು. ನಯಾರಿತ್ ಪಕ್ಕದ ಹಲಿಸ್ಕೋ ರಾಜ್ಯದ ಉಯಿತ್ಸಿಲಾಪಾದಲ್ಲಿ 1993ರಲ್ಲಿ ಕಳ್ಳರ ಕೈ ತಾಗದೆ ಸಿಕ್ಕ ಗೋರಿ ಏಳು ಮೀಟರಿಗೂ ಆಳ. ‘ಬಾವಿಗೋರಿ’ ಅಂದರೆ ಯಾರಿಗಾದರೂ ಕಣ್ಣಿಗೆ ಕಟ್ಟುತ್ತದೆ.

‘ಕೊಲಂಬಸ್‌ಪೂರ್ವ’ ತೆಗೆಯಿರಿ, ಕಾಲ ಕೊಟ್ಟ ಮೇಲೆ ಅದು ದಂಡ. ಹೆಂಗಸು ಮಂಡಿಯೂರಿದ್ದಾಳೋ, ಕಾಲು ಚಾಚಿದ್ದಾಳೋ ನೋಡಿ. ಎರಡೂ ಬಗೆ ಸಿಗುತ್ತವೆ. ಮಂಡಿಯೂರಿದ್ದರೆ ‘ಕುಳಿತ’ ತಿದ್ದಬೇಕು. ಇಲ್ಲದಿದ್ದರೆ ಹೀಗೆ ಕಳಿಸಿ:

ಕುಳಿತ ಹೆಂಗಸು. ಬಾವಿಗೋರಿಯ ಸುಡುಮಣ್ಣಿನ ಬೊಂಬೆ
ನಯಾರಿತ್, ಮೆಕ್ಸಿಕೋ. ಕ್ರಿ.ಪೂ. 300 – ಕ್ರಿ.ಶ. 300